ಬಾಡಿಗೆ ಕೇಳುವ ಮೊದಲು ತೂಕ ಕೇಳಿ

ದೀಪಾವಳಿ ಕಳೆದು ತೋಟದ ದಾರಿ ಒಣಗಿತೆಂದರೆ ಶಿರಸಿ ತಾಲೂಕಿನ ಹುಲೇಕಲ್ ಸೀಮೆಯಲ್ಲಿ ಹಿಟಾಚಿಗಳಿಗೆ ಪುರುಸೊತ್ತಿಲ್ಲ. ತೋಟದ ಸುತ್ತ ಅಗಳ ತೆಗೆಸುವವರು, ಕೆರೆಯ ಹೂಳೆತ್ತಿಸುವವರು, ಧರೆ ಕಡಿಸಿ ಮನೆಗೆ ಜಾಗ ಮಾಡಿಕೊಳ್ಳುವವರು, ಗದ್ದೆ ಏರಿಸಿ ಅಡಿಕೆ ಸಸಿ ಇಡುವವರು, ಎಲ್ಲರಿಗೂ ಯಂತ್ರ ಬೇಕು. ಅದೂ ಇದೇ ವಾರ ಬೇಕು. ಜೆಸಿಬಿಯಾದರೆ ತನ್ನ ಗಾಲಿಯ ಮೇಲೆ ತಾನೇ ಬರುತ್ತದೆ. ಚೈನಿನ ಮೇಲೆ ನಡೆಯುವ ಹಿಟಾಚಿಯನ್ನು ಯಾರಾದರೂ ಹೊತ್ತು ತರಬೇಕು. ತಾಪತ್ರಯ ಶುರುವಾಗುವುದು ಇಲ್ಲಿಂದ.

ಫೋನಿನಲ್ಲಿ ನಡೆಯುವ ಮಾತು ಎಲ್ಲ ಊರಿನಲ್ಲೂ ಒಂದೇ. ತಾಸಿಗೆ ಎಷ್ಟು, ತರುವ ಒಯ್ಯುವ ಬಾಡಿಗೆ ಯಾರ ಲೆಕ್ಕಕ್ಕೆ, ನಾಳೆ ಬೆಳಿಗ್ಗೆ ಬರುತ್ತದೋ ಇಲ್ಲವೋ. ಯಂತ್ರ ಎಷ್ಟು ತೂಗುತ್ತದೆ, ಅದನ್ನು ತರುವ ಗಾಡಿ ಎಷ್ಟು ಹೊರುತ್ತದೆ ಎಂದು ಕೇಳುವವರು ಬಹಳ ಕಡಿಮೆ. ಕೇಳಿದರೂ ಉತ್ತರ ಸಿದ್ಧವಿರುತ್ತದೆ: ‘ಏನೂ ಆಗೂದಿಲ್ಲ ಹೆಗಡೇರೆ, ನಾವು ದಿನಾ ತರ್ತೇವೆ.’ ದಿನಾ ತರುವುದು ಸುಳ್ಳಲ್ಲ. ಹಲಗೆ ಬಾಡಿಯ ಲಾರಿಯ ಮೇಲೆ ಎರಡೂ ಬದಿಗೆ ಚೈನು ಒಂದು ಗೇಣು ಹೊರಗೆ ಚಾಚಿಕೊಂಡು, ಹಿಂದಿನ ಟೈರುಗಳು ಚಪ್ಪಟೆಯಾಗಿ ಒತ್ತಿಕೊಂಡು, ತಿರುವಿನಲ್ಲಿ ಇಡೀ ಬಾಡಿ ಕಿರ್ರೆಂದು ವಾಲುತ್ತ ಬರುವ ದೃಶ್ಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಯಾರಿಗೂ ಹೊಸದಲ್ಲ. ಹಾಗೆ ಬರುವುದಕ್ಕೆ ಚಾಲಕನೊಬ್ಬನೇ ಕಾರಣ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಒಂದೇ ಸಲಕ್ಕೆ ಹಾಕ್ಬಿಡು ತಮಾ’ ಎನ್ನುವವರು ನಾವು. ಹಾಗಾಗಿ ಈ ಬರಹ ಗಾಡಿ ಓಡಿಸುವವರಿಗಿಂತ ಹೆಚ್ಚಾಗಿ ಗಾಡಿ ತರಿಸುವವರಿಗೆ.

ಯಾವುದು ಎಷ್ಟು ತೂಗುತ್ತದೆ

ಆಪರೇಟರುಗಳು ಯಂತ್ರವನ್ನು ಅಂಕಿಯಿಂದ ಕರೆಯುತ್ತಾರೆ. ‘ಸೆವೆಂಟಿ’, ‘ಒನ್ ಫಾರ್ಟಿ’, ‘ಟೂ ಟೆನ್’. ಈ ಅಂಕಿಯ ಕೊನೆಯ ಸೊನ್ನೆ ತೆಗೆದರೆ ಹೆಚ್ಚುಕಡಿಮೆ ಯಂತ್ರದ ತೂಕ ಟನ್ನಿನಲ್ಲಿ ಸಿಗುತ್ತದೆ. ಸೆವೆಂಟಿ ಎಂದರೆ ಏಳರಿಂದ ಎಂಟು ಟನ್. ಒನ್ ಫಾರ್ಟಿ ಎಂದರೆ ಹದಿಮೂರು, ಹದಿನಾಲ್ಕು. ಟೂ ಟೆನ್ ಎಂದರೆ 20ರಿಂದ 22 ಟನ್. ಕಲ್ಲು ಒಡೆಯುವ ಬ್ರೇಕರ್ ಜೊತೆಗಿದ್ದರೆ ಅದೊಂದೇ ಒಂದೂವರೆ ಟನ್ನಿನ ಮೇಲಿರುತ್ತದೆ. ಅನುಮಾನವಿದ್ದರೆ ಯಂತ್ರದ ಮೈಮೇಲೆ ಕಂಪನಿ ಹೊಡೆದಿರುವ ಲೋಹದ ಫಲಕ ನೋಡಿ; ಕ್ಯಾಬಿನ್ನಿನ ಆಸುಪಾಸಿನಲ್ಲಿ ಇರುತ್ತದೆ, ಮಣ್ಣು ಒರೆಸಬೇಕು ಅಷ್ಟೆ.

ಇನ್ನು ಹೊರುವ ಗಾಡಿ. ಕೇಂದ್ರ ಸಾರಿಗೆ ಸಚಿವಾಲಯ 2018ರ ಜುಲೈನಲ್ಲಿ ಆಕ್ಸಲ್ ತೂಕದ ಮಿತಿ ಏರಿಸಿತು. ಅದರಂತೆ ಆರು ಗಾಲಿಯ ಎರಡು ಆಕ್ಸಲ್ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ನಿಗೆ, ಹತ್ತು ಗಾಲಿಯ ಮೂರು ಆಕ್ಸಲ್ ಲಾರಿಯದು 25ರಿಂದ 28.5 ಟನ್ನಿಗೆ ಏರಿತು. ಒಟ್ಟು ತೂಕ ಎಂದರೆ ಸರಕಿನದ್ದು ಮಾತ್ರವಲ್ಲ. ಲಾರಿ, ಡೀಸೆಲ್, ಚಾಲಕ, ಕ್ಲೀನರ್, ಹಗ್ಗ, ಸರಪಳಿ ಎಲ್ಲ ಸೇರಿ. ಬಹಳ ಜನ ತಪ್ಪುವುದು ಇಲ್ಲೇ. ‘ಇಪ್ಪತ್ತೆಂಟು ಟನ್ ಪಾಸಿಂಗ್ ಇದೆ, ಇಪ್ಪತ್ತು ಟನ್ನಿನ ಮಶಿನ್ ಯಾಕೆ ಬರೂದಿಲ್ಲ’ ಎನ್ನುತ್ತಾರೆ. ಖಾಲಿ ಲಾರಿಯೇ ಹತ್ತು ಟನ್ ಆಸುಪಾಸು ಇರುತ್ತದೆ. ಉಳಿಯುವುದು ಹದಿನೆಂಟು. ಟೂ ಟೆನ್ ಹಾಕಿದರೆ ಮೂರು ಟನ್ ಹೆಚ್ಚು, ಬ್ರೇಕರನ್ನೂ ಹಾಕಿದರೆ ನಾಲ್ಕೂವರೆ. ಅಗಲದ್ದು ಬೇರೆಯೇ ಕಥೆ. ಆ ವರ್ಗದ ಯಂತ್ರಗಳ ಚೈನಿನ ಹೊರ ಅಗಲ ಸುಮಾರು 2.8 ಮೀಟರ್, ರಸ್ತೆಯ ಮೇಲೆ ವಾಹನಕ್ಕೆ ನಿಯಮ ಕೊಡುವ ಅಗಲ 2.6 ಮೀಟರ್. ಮೊದಲು ಹೇಳಿದಂತೆ ಚೈನು ಹೊರಗೆ ಚಾಚುವುದು ಇದಕ್ಕೇ.

ಮಿನಿ ಹಿಟಾಚಿಗಳು ಬಂದ ಮೇಲೆ ತೋಟದೊಳಗಿನ ಬಸಿಗಾಲುವೆ ಕೆಲಸ ಸಲೀಸಾಗಿದೆ. ಅಡಿಕೆ ಮರಗಳ ಸಾಲಿನ ನಡುವೆ ನುಗ್ಗಬಲ್ಲ ಪುಟ್ಟ ಯಂತ್ರ ನೋಡಿದರೆ ಆಟಿಕೆ ಎನ್ನಿಸುತ್ತದೆ. ಚಿಕ್ಕದೆನ್ನುವ ಮಿನಿಯೇ 1.7 ಟನ್ ಇರುತ್ತದೆ; ಹೆಚ್ಚು ಓಡಾಡುವ ಮಿನಿಗಳು ಮೂರು ಟನ್ನಿನವು. ಟಾಟಾ ಏಸ್ ಹೊರಬೇಕಾದ್ದು ಮುಕ್ಕಾಲು ಟನ್. ಹೆಚ್ಚಿನ ಪಿಕಪ್‌ಗಳಲ್ಲಿ ಮಾದರಿಯ ಮೇಲೆ ಒಂದೂಕಾಲರಿಂದ 1.7 ಟನ್. ಅಂದರೆ ಅಂಥ ಚಿಕ್ಕ ಮಿನಿ ಕೂಡ, ಬಕೆಟ್ಟು, ಡೀಸೆಲ್ ಕ್ಯಾನು, ಆಪರೇಟರ್ ಸೇರಿದರೆ, ಹೆಚ್ಚಿನ ಪಿಕಪ್ಪುಗಳ ಮಿತಿ ಮೀರಿಸುತ್ತದೆ. ಮೂರು ಟನ್ನಿನದನ್ನು 407ರ ಮೇಲೆ ಏರಿಸಿ ತರುವುದೂ ನಡೆದಿದೆ, ಅದೂ ಮಿತಿಯ ಹೊರಗಿನದೇ. ಮೂರು ಟನ್ನಿನ ಮಿನಿಗೆ ಐಷರ್ ಥರದ, ನಾಲ್ಕು ಟನ್ ಹೊರಬಲ್ಲ ಗಾಡಿ ಬೇಕು.

ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹೊರಬಹುದಾದಷ್ಟು ಸಿಗುತ್ತದೆ. ಹಳೆಯ ಲಾರಿಗಳ ಆರ್‌ಸಿಯಲ್ಲಿ ಹಳೆಯ ಅಂಕಿಯೇ ಇರಬಹುದು. ತಪಾಸಣೆಗೆ ನಿಲ್ಲಿಸಿದವರು ನೋಡುವುದು ಆರ್‌ಸಿಯಲ್ಲಿ ಬರೆದದ್ದನ್ನು. ‘ಎಲ್ಲರದ್ದೂ ಏರಿದೆ ಸಾರ್’ ಎಂಬ ವಾದವನ್ನಲ್ಲ. ಕಾಗದ ಕೈಯಲ್ಲಿ ಇಲ್ಲದಿದ್ದರೆ ಗಾಡಿಯ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ವಾಹನದ ವಿವರ ನೋಡಬಹುದು.

ಇನ್ನೊಂದು ಭ್ರಮೆಯನ್ನೂ ಇಲ್ಲೇ ಕಳೆದುಬಿಡೋಣ. ಪಿಕಪ್ಪಿಗೆ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ ಕೂರಿಸಿ ‘ಈಗ ಎರಡೂವರೆ ಟನ್ ಎತ್ತುತ್ತದೆ’ ಎನ್ನುವವರಿದ್ದಾರೆ. ಪಟ್ಟಿ ಸೇರಿಸಿದರೆ ಗಾಡಿ ಹಿಂದೆ ಕುಸಿದಂತೆ ಕಾಣುವುದಿಲ್ಲ, ಅಷ್ಟೇ ಲಾಭ. ಆಕ್ಸಲ್ ಅದೇ, ಬೇರಿಂಗ್ ಅದೇ, ಬ್ರೇಕ್ ಅದೇ, ಟೈರ್ ಅದೇ. ಗಾಡಿ ಸೋತಿದೆ ಎಂದು ಕಣ್ಣಿಗೆ ತಿಳಿಸುತ್ತಿದ್ದ ಒಂದೇ ಗುರುತನ್ನು ದುಡ್ಡು ಕೊಟ್ಟು ಅಳಿಸಿದ ಹಾಗಾಯಿತು.

ಲೋಬೆಡ್ ಯಾಕೆ ಬರುವುದಿಲ್ಲ

ಹಿಟಾಚಿ ತರಲೆಂದೇ ಇರುವ ಗಾಡಿ ಲೋಬೆಡ್ ಟ್ರೇಲರ್. ನೆಲಕ್ಕೆ ಹತ್ತಿರವಾದ ಹಲಗೆ, ಸಾಲು ಗಾಲಿಗಳು, ಹಿಂದೆ ಮಡಚುವ ರ್‍ಯಾಂಪ್. ತೂಕಕ್ಕೆ ಅದೇ ಸರಿ. ನಮ್ಮಲ್ಲಿ ಬಾಡಿಗೆ ಜಾಸ್ತಿ ಎಂಬುದು ಒಂದು ಕಾರಣ, ಬರಲಾಗದು ಎಂಬುದು ಇನ್ನೂ ದೊಡ್ಡ ಕಾರಣ. ಹುಲೇಕಲ್ ದಾಟಿ ವಾನಳ್ಳಿ, ಜಡ್ಡಿಗದ್ದೆ ಕಡೆಗೆ ಹೋದಂತೆ ರಸ್ತೆ ಹೊಳೆಯ ಕಣಿವೆಗೆ ಇಳಿಯುತ್ತದೆ. ಗ್ರಾಮ ಸಡಕ್ ರಸ್ತೆಯ ಡಾಂಬರಿನ ಅಗಲ ಮೂರರಿಂದ ಮೂರೂಮುಕ್ಕಾಲು ಮೀಟರ್. ಒಂದು ಬದಿ ಧರೆ, ಇನ್ನೊಂದು ಬದಿ ಕೊಳ್ಳ. ಅಲ್ಲಿ ಉದ್ದನೆಯ ಟ್ರೇಲರ್ ತಿರುಗುವುದಿಲ್ಲ. ಎದುರಿಗೆ ಬಸ್ಸು ಬಂದರೆ ಹಿಂದೆ ಹೋಗಲೂ ಆಗದು.

ಹಾಗೆಂದು ಚಿಕ್ಕ ಲಾರಿಗೆ ದೊಡ್ಡ ಯಂತ್ರ ಹೇರುವುದೊಂದೇ ದಾರಿಯಲ್ಲ. ಹೆಚ್ಚಿನ ತೋಟದ ಕೆಲಸಕ್ಕೆ ಟೂ ಟೆನ್ ಬೇಕಾಗಿಯೇ ಇಲ್ಲ. ಅಗಳ, ಬಸಿಗಾಲುವೆ, ಗೊಬ್ಬರದ ಗುಂಡಿ, ಸಣ್ಣ ಕೆರೆಯ ಹೂಳು, ಇವಕ್ಕೆಲ್ಲ ಸೆವೆಂಟಿ ಸಾಕು. ಅದು ಆರು ಗಾಲಿ ಲಾರಿಯ ತೂಕದ ಮಿತಿಯೊಳಗೆ ಬರುತ್ತದೆ, ಅಗಲವೂ ಸುಮಾರು 2.3 ಮೀಟರ್. ‘ದೊಡ್ಡದಾದರೆ ಬೇಗ ಮುಗೀತು’ ಎಂಬ ಲೆಕ್ಕದಲ್ಲಿ ತಾಸಿನ ದರ, ತರುವ ಖರ್ಚು, ತೋಟದ ದಾರಿ ಕೆಡುವುದು ಯಾವುದೂ ಸೇರಿರುವುದಿಲ್ಲ. ನಿಜವಾಗಿ ದೊಡ್ಡದೇ ಬೇಕಾದ ಕೆಲಸವಿದ್ದರೆ, ದೊಡ್ಡ ಕೆರೆಯೋ ಕಲ್ಲುಧರೆಯೋ ಇದ್ದರೆ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ಬಾರಿ ಲೋಬೆಡ್ ತರಿಸಿ, ಮುಖ್ಯ ರಸ್ತೆಯಲ್ಲಿ ಅಗಲ ಜಾಗ ನೋಡಿ ಇಳಿಸಿಕೊಂಡು, ಅಲ್ಲಿಂದ ಮಣ್ಣಿನ ದಾರಿಯಲ್ಲಿ ನಡೆಸಿಕೊಂಡು ಹೋಗುವುದು ಒಳ್ಳೆಯದು. ಡಾಂಬರು ದಾಟಲೇಬೇಕಾದ ಕಡೆ ಹಳೆಯ ಟೈರುಗಳನ್ನು ಚೈನಿನ ಕೆಳಗೆ ಹಾಸಬೇಕು. ಹಾಸದಿದ್ದರೆ ರಸ್ತೆ ಕಿತ್ತುಹೋಗುತ್ತದೆ, ಮತ್ತೆ ಅದೇ ಗುಂಡಿಯಲ್ಲಿ ನಾವೇ ಓಡಾಡಬೇಕು. ಬ್ರೇಕರ್, ಹೆಚ್ಚುವರಿ ಬಕೆಟ್ಟುಗಳನ್ನು ಬೇರೆ ಗಾಡಿಯಲ್ಲಿ ತರಿಸಿ.

ಬೋರ್‌ವೆಲ್ ಲಾರಿ ಕರೆಸುವವರಿಗೂ ಈ ಮಾತು ಸಲ್ಲುತ್ತದೆ. ಕೊರೆಯುವ ಲಾರಿಯೊಂದೇ ಬರುವುದಿಲ್ಲ. ಪೈಪು, ಸಾಮಾನು ಹೊತ್ತ ಇನ್ನೊಂದು ಹಿಂದೆಯೇ ಇರುತ್ತದೆ. ಎರಡೂ ಭಾರದವು. ಅವು ನಿಮ್ಮ ಅಂಗಳಕ್ಕೆ ಬರುವ ದಾರಿ ನೋಡಿಕೊಳ್ಳಬೇಕಾದವರು ನೀವು.

ಟ್ರ್ಯಾಕ್ಟರಿನ ಹಿಂದೆ ಏನಿದೆ

ಹಿಟಾಚಿ ವರ್ಷಕ್ಕೊಮ್ಮೆ ಬರುವ ನೆಂಟ. ಟ್ರ್ಯಾಕ್ಟರ್ ಟ್ರೇಲರ್ ಮನೆಯದ್ದೇ. ಹಾಗಾಗಿ ಅದರ ಬಗ್ಗೆ ಭಯವೂ ಇಲ್ಲ, ಲೆಕ್ಕವೂ ಇಲ್ಲ.

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಎತ್ತರದ ಟ್ರೇಲರ್ ಎಂದಿಟ್ಟುಕೊಳ್ಳಿ. ಸಮತಟ್ಟಾಗಿ ತುಂಬಿದರೆ 120 ಘನ ಅಡಿ, ಅಂದರೆ ಒಂದೂಕಾಲು ಬ್ರಾಸಿಗೆ ಹತ್ತಿರ. ಒಣ ಮರಳಾದರೆ ಅದು ಐದು ಟನ್ ದಾಟುತ್ತದೆ. ಹೊಳೆಯಿಂದ ಈಗಷ್ಟೇ ಎತ್ತಿದ ಹಸಿ ಮರಳಾದರೆ ಆರು ಟನ್. ಗೋಪುರ ಮಾಡಿ ತುಂಬಿದರೆ ಇನ್ನೂ ಮೇಲೆ. ಚಿರೆಕಲ್ಲು ಒಂದೊಂದು ಗಾತ್ರದ ಮೇಲೆ 25ರಿಂದ 35 ಕಿಲೋ ತೂಗುತ್ತದೆ. ಇನ್ನೂರು ಕಲ್ಲು ಎಂದರೆ ಐದರಿಂದ ಏಳು ಟನ್. ಮನೆ ಕಟ್ಟುವವರು ಇನ್ನೂರಕ್ಕೆ ಕಡಿಮೆ ತರಿಸುವುದಿಲ್ಲ. ಸಾಮಾನ್ಯವಾಗಿ ನಮ್ಮಲ್ಲಿರುವ ಎರಡು ಗಾಲಿಯ ಟ್ರೇಲರುಗಳು ಮೂರರಿಂದ ಐದು ಟನ್ನಿಗೆ ಮಾಡಿದವು. ಟ್ರೇಲರಿಗೂ ಬೇರೆಯೇ ಆರ್‌ಸಿ ಇರುತ್ತದೆ, ಇರಬೇಕು; ಅದರಲ್ಲಿ ಬರೆದ ತೂಕವನ್ನು ಓದಿದ ಮಾಲೀಕರೆಷ್ಟು ಜನ?

ಟ್ರ್ಯಾಕ್ಟರಿನ ಸ್ವಂತ ತೂಕ ಎರಡು ಟನ್ ಆಸುಪಾಸು. ಹಿಂದೆ ಆರು ಟನ್ ಸರಕು, ಒಂದೂವರೆ ಟನ್ ಟ್ರೇಲರ್. ಹತ್ತಕ್ಕೆ ಒಂದರಷ್ಟು ಇಳಿಜಾರಿನಲ್ಲಿ ಈ ಏಳೂವರೆ ಟನ್ ಹಿಂದಿನಿಂದ ಮುಕ್ಕಾಲು ಟನ್ನಿನಷ್ಟು ಬಲದಿಂದ ಟ್ರ್ಯಾಕ್ಟರನ್ನು ತಳ್ಳುತ್ತಿರುತ್ತದೆ. ಟ್ರೇಲರಿಗೆ ಬ್ರೇಕ್ ಇರುವುದೇ ಅಪರೂಪ. ಒಂಬತ್ತೂವರೆ ಟನ್ ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳು ಮಾತ್ರ. ಒದ್ದೆ ರಸ್ತೆಯಲ್ಲಿ, ಅದರ ಮೇಲೆ ಉದುರಿದ ದರಕು ಕೊಳೆತಿದ್ದರೆ, ಅವು ನಿಂತರೂ ಜಾರುತ್ತವೆ. ಆಗ ಟ್ರೇಲರ್ ಟ್ರ್ಯಾಕ್ಟರನ್ನು ಪಕ್ಕಕ್ಕೆ ಮಡಚಿ ತಳ್ಳುತ್ತದೆ.

ಒಂದು ಸಣ್ಣ ವಸ್ತುವಿನ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಕಡೆ ಬ್ರೇಕಿನ ಪೆಡಲು ಎರಡಿರುತ್ತವೆ, ಎಡ ಗಾಲಿಗೊಂದು, ಬಲ ಗಾಲಿಗೊಂದು. ಗದ್ದೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದನ್ನೇ ಒತ್ತಿದರೆ ಆ ಬದಿಯ ಗಾಲಿ ನಿಂತು ಟ್ರ್ಯಾಕ್ಟರ್ ಗಿರಕ್ಕನೆ ತಿರುಗುತ್ತದೆ. ಎರಡೂ ಪೆಡಲನ್ನು ಜೋಡಿಸಲು ಬೆರಳುದ್ದದ ಒಂದು ಕೊಂಡಿ ಇರುತ್ತದೆ. ರಸ್ತೆಗೆ ಬರುವ ಮೊದಲು ಅದನ್ನು ಹಾಕಲೇಬೇಕು. ಹಾಕದೆ, ಟ್ರೇಲರ್ ತುಂಬಿಕೊಂಡು ಇಳಿಜಾರಿನಲ್ಲಿ ಗಾಬರಿಯಿಂದ ಕಾಲಿಟ್ಟಾಗ ಒಂದೇ ಪೆಡಲು ಒತ್ತಿದರೆ ಟ್ರ್ಯಾಕ್ಟರ್ ಪಲ್ಟಿ. ಎಷ್ಟೋ ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ಕೊಂಡಿ ತುಕ್ಕು ಹಿಡಿದಿರುತ್ತದೆ ಇಲ್ಲವೇ ಕಳೆದೇ ಹೋಗಿರುತ್ತದೆ. ಗ್ಯಾರೇಜಿನಲ್ಲಿ ಅರ್ಧ ತಾಸಿನ ಕೆಲಸ. ಇದೊಂದನ್ನು ಇವತ್ತೇ ನೋಡಿ.

ತುಂಬುವ ರೀತಿಯಲ್ಲೂ ಲೆಕ್ಕವಿದೆ. ಎರಡು ಗಾಲಿಯ ಟ್ರೇಲರಿನಲ್ಲಿ ಸರಕು ಆಕ್ಸಲಿನಿಂದ ತುಸು ಮುಂದಕ್ಕಿರಬೇಕು, ಹತ್ತರಲ್ಲಿ ಒಂದು ಪಾಲಿನಷ್ಟು ಭಾರ ಟ್ರ್ಯಾಕ್ಟರಿನ ಕೊಕ್ಕೆಯ ಮೇಲೆ ಬೀಳುವಂತೆ. ಕಲ್ಲನ್ನು ಇಳಿಸಲು ಸುಲಭವೆಂದು ಹಿಂದಕ್ಕೇ ಪೇರಿಸಿದರೆ ಟ್ರೇಲರಿನ ಮೂತಿ ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ನೆಲದಿಂದ ಸಡಿಲಿಸುತ್ತದೆ. ಇರುವ ಬ್ರೇಕೂ ಹೋಯಿತು. ಪೂರಾ ಮುಂದಕ್ಕೆ ತುಂಬಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದು ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಮುಂದಿನ ಗಾಲಿ ಎತ್ತಿಕೊಂಡು ಏರು ಹತ್ತುವುದನ್ನು ಶೂರತನ ಎಂದು ಮೊಬೈಲಿನಲ್ಲಿ ಹಿಡಿದು ಹಂಚುವ ಹುಡುಗರಿದ್ದಾರೆ. ಮನೆಯ ಹಿರಿಯರು ಅದನ್ನು ನೋಡಿ ನಗುವುದನ್ನು ಬಿಟ್ಟರೆ ಒಳ್ಳೆಯದು.

ಕೊಕ್ಕೆಗೆ ಹಾಕುವ ಪಿನ್ನು ಕಂಪನಿಯದ್ದೇ ಇರಲಿ, ಅದರ ತುದಿಗೆ ಕ್ಲಿಪ್ ಇರಲಿ. ಪಿನ್ನು ಕಳೆದಾಗ ಕಬ್ಬಿಣದ ಸರಳು ತುರುಕಿ ಓಡಿಸುವ ಪದ್ಧತಿ ಯಾವ ಊರಿನಲ್ಲಿ ಇಲ್ಲ? ಜೊತೆಗೆ ಒಂದು ಸರಪಳಿಯನ್ನೂ ಟ್ರ್ಯಾಕ್ಟರಿಗೆ ಬಿಗಿದರೆ ಪಿನ್ನು ತುಂಡಾದರೂ ಟ್ರೇಲರ್ ತಾನಾಗಿ ಊರಿನೊಳಗೆ ನುಗ್ಗುವುದಿಲ್ಲ. ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಕತ್ತಲಾದ ಮೇಲೆ ಮಣ್ಣುಬಣ್ಣದ ಟ್ರೇಲರ್ ಬೈಕಿನವನಿಗೆ ಕಾಣುವುದೇ ಇಲ್ಲ. ಮಡ್‌ಗಾರ್ಡಿನ ಮೇಲೆ, ಕಲ್ಲಿನ ರಾಶಿಯ ಮೇಲೆ ಕೆಲಸದವರನ್ನು ಕೂರಿಸಬೇಡಿ.

ಏರಿಸುವಾಗ, ಕಟ್ಟುವಾಗ

ರ್‍ಯಾಂಪ್ ಇಲ್ಲದ ಲಾರಿಗೆ ಹಿಟಾಚಿ ಏರಿಸಲು ನಮ್ಮಲ್ಲಿ ಒಂದು ಉಪಾಯವಿದೆ: ಲಾರಿಯ ಹಲಗೆಯ ಎತ್ತರಕ್ಕೆ ಸರಿಯಾದ ಧರೆ ಹುಡುಕಿ, ಲಾರಿಯನ್ನು ಹಿಂದೆ ತಂದು ಧರೆಗೆ ಆನಿಸಿ, ಯಂತ್ರವನ್ನು ಧರೆಯ ಮೇಲಿಂದ ನೇರ ಒಳಗೆ ನಡೆಸುವುದು. ಒಣ ದಿನಗಳಲ್ಲಿ ಗಟ್ಟಿ ಧರೆ ಸಿಕ್ಕರೆ ಇದು ಕೆಟ್ಟ ಪದ್ಧತಿಯಲ್ಲ. ಮಳೆ ಬಿದ್ದ ಮರುದಿನ ಮಾತ್ರ ಬೇಡ. ಇಪ್ಪತ್ತು ಟನ್ ಭಾರ ಧರೆಯ ಅಂಚಿನ ಒಂದೂವರೆ ಅಡಿಯಲ್ಲಿ ನಿಂತಾಗ ನೆನೆದ ಕೆಂಪು ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ, ಯಂತ್ರ ಲಾರಿಗೂ ಧರೆಗೂ ನಡುವೆ ವಾಲಿಕೊಳ್ಳುತ್ತದೆ. ಏರಿಸುವಾಗ ಲಾರಿಯ ಗಾಲಿಗೆ ಮುಂದೆ ಹಿಂದೆ ಮರದ ದಿಮ್ಮಿ ಕೊಡಬೇಕು. ಬಕೆಟ್ಟನ್ನು ಊರಿ ಮೈ ಎತ್ತಿಕೊಂಡು ಹತ್ತುವ ಸರ್ಕಸ್ ನೋಡಲು ಮಕ್ಕಳು ಸೇರುತ್ತಾರೆ. ಅವರನ್ನು ಅಂಗಳದಾಚೆಗೆ ಕಳುಹಿಸುವುದು ಮನೆಯವರ ಕೆಲಸ.

ಹತ್ತಿದ ಮೇಲೆ ಬೂಮ್ ಪೂರ್ತಿ ತಗ್ಗಿಸಿ ಬಕೆಟ್ಟನ್ನು ಹಲಗೆಗೆ ಊರಬೇಕು, ಮೇಲ್ಭಾಗ ತಿರುಗದಂತೆ ಲಾಕ್ ಹಾಕಬೇಕು, ನಾಲ್ಕೂ ಮೂಲೆಗೆ ಸರಪಳಿ ಬಿಗಿಯಬೇಕು. ‘ಇಷ್ಟು ಭಾರ ಎಲ್ಲಿ ಜಾರ್ತದೆ’ ಎಂದು ಕಟ್ಟದೇ ಬರುವವರೇ ಹೆಚ್ಚು. ಕಬ್ಬಿಣದ ಚೈನು ಕಬ್ಬಿಣದ ಹಲಗೆಯ ಮೇಲೆ ಎಷ್ಟು ಚೆನ್ನಾಗಿ ಜಾರುತ್ತದೆ ಎಂಬುದು ಒದ್ದೆಯಾದ ದಿನ ಗೊತ್ತಾಗುತ್ತದೆ. ನೈಲಾನ್ ಹಗ್ಗ ಈ ಕೆಲಸದ್ದಲ್ಲ, ಹಾರ್ಡ್‌ವೇರ್ ಅಂಗಡಿಯ ಗೇಟಿನ ಸರಪಳಿಯೂ ಅಲ್ಲ. ಭಾರ ಬಿಗಿಯಲೆಂದೇ ಮಾಡಿದ ಗ್ರೇಡ್ 80 ಸರಪಳಿಯಲ್ಲಿ 8 ಮಿ.ಮೀ.ನದು ಎರಡು ಟನ್, 10 ಮಿ.ಮೀ.ನದು 3.15 ಟನ್ ತಡೆಯುತ್ತದೆ. ಎಲ್ಲ ಸರಪಳಿಗಳ ತಾಕತ್ತು ಕೂಡಿಸಿದರೆ ಯಂತ್ರದ ತೂಕದ ಅರ್ಧವಾದರೂ ಇರಬೇಕೆಂಬುದು ಸಾಗಣೆಯವರ ಸಾಮಾನ್ಯ ಲೆಕ್ಕ. ಮೂರು ಟನ್ನಿನ ಮಿನಿಗೆ 8 ಮಿ.ಮೀ.ನ ನಾಲ್ಕು ಧಾರಾಳವಾಯಿತು.

ಎತ್ತರವನ್ನೂ ಅಳೆಯಿರಿ. ಲಾರಿಯ ಹಲಗೆ ನೆಲದಿಂದ 1.4 ಮೀಟರ್, ಅದರ ಮೇಲೆ ಮೂರು ಮೀಟರಿನ ಯಂತ್ರ, 4.4 ಮೀಟರ್ ಆಯಿತು. ರಸ್ತೆ ದಾಟುವ ಹೆಸ್ಕಾಂ ಲೈನುಗಳು ಸರಿಯಾಗಿದ್ದರೆ ಇದಕ್ಕಿಂತ ಮೇಲಿರುತ್ತವೆ. ತೋಟದ ಪಂಪಿಗೆ ಅಡಿಕೆ ಮರದ ಕಂಬದ ಮೇಲೆ ಎಳೆದ ತಂತಿ, ಮಳೆಗಾಲದಲ್ಲಿ ಬಿದಿರು ಬಿದ್ದು ಜೋತ ತಂತಿ ಇವು ಹಾಗಿರುವುದಿಲ್ಲ. ಮುಂಚೆಯೇ 1912ಕ್ಕೆ ಫೋನ್ ಮಾಡಿ ಇಲ್ಲವೇ ಲೈನ್‌ಮನ್‌ಗೆ ಹೇಳಿ ಆ ಹೊತ್ತಿಗೆ ಲೈನ್ ತೆಗೆಸಿ. ಅಡಿಕೆ ದೋಟಿಯಲ್ಲಿ ತಂತಿ ಎತ್ತಿ ಹಿಡಿಯುವ ಸಾಹಸ ಬೇಡವೇ ಬೇಡ. ಅಕಸ್ಮಾತ್ ತಂತಿ ತಾಗಿದರೆ ಒಳಗಿದ್ದವರು ಒಳಗೇ ಇರಬೇಕು, ಹೊರಗಿದ್ದವರು ಗಾಡಿ ಮುಟ್ಟಬಾರದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಬೇಕು.

ಘಟ್ಟ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದೆಂದರೆ ಸಮುದ್ರಮಟ್ಟಕ್ಕೆ ಇಳಿಯುವುದು. ಯಲ್ಲಾಪುರದಿಂದ ಅರಬೈಲ್ ಘಟ್ಟದಲ್ಲಿ ಅಂಕೋಲಾಕ್ಕೆ ಹೋದರೂ ಅದೇ. ಐದು ನೂರು ಮೀಟರ್ ಇಳಿಕೆ ಎಂದು ಹಿಡಿದರೆ, ಹತ್ತು ಟನ್ನಿನ ಗಾಡಿ ಬ್ರೇಕಿನ ಮೇಲೆಯೇ ಇಳಿದಾಗ ಹುಟ್ಟುವ ಕಾವು ಸುಮಾರು 145 ಲೀಟರ್ ತಣ್ಣೀರು ಕುದಿಸಲು ಸಾಕು. ಬಚ್ಚಲ ಹಂಡೆಯ ಲೆಕ್ಕದಲ್ಲಿ ಎರಡು ಹಂಡೆ. ಗಾಡಿಗೆ ಮೂರು ಟನ್ ಹೆಚ್ಚು ಹೇರಿದರೆ ಇನ್ನೂ ಅರ್ಧ ಹಂಡೆಗಿಂತ ಜಾಸ್ತಿ. ಈ ಕಾವೆಲ್ಲ ಹೋಗಬೇಕಾದದ್ದು ನಾಲ್ಕಾರು ಡ್ರಮ್ಮುಗಳ ಮೂಲಕ. ಕಾದ ಲೈನಿಂಗ್ ಹಿಡಿಯುವುದಿಲ್ಲ. ಪೆಡಲು ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆದ್ದರಿಂದಲೇ ಹಳೆಯ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಇಳಿಜಾರಿನ ಅರ್ಧಕ್ಕೆ ಗೇರ್ ಬದಲಿಸಲು ಹೋಗುವುದು ಎರಡೂ ಜೀವಕ್ಕೆ ಎರವು. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಬೇಕು. ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡುತ್ತದೆ.

2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಲಾರಿಯೊಂದು ಉರುಳಿದ್ದನ್ನು ಜಿಲ್ಲೆ ಮರೆತಿಲ್ಲ. ಸವಣೂರಿನಿಂದ ತರಕಾರಿ ಹೊತ್ತು ಕುಮಟಾ ಸಂತೆಗೆ ಹೊರಟ ಲಾರಿ ಅದು. ಸರಕಿನ ಮೇಲೆ ವ್ಯಾಪಾರಿಗಳು ಇಪ್ಪತ್ತಕ್ಕೂ ಹೆಚ್ಚು ಮಂದಿ ಕೂತಿದ್ದರು. ಎದುರಿನ ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಸರಿದಾಗ ಕೊಳ್ಳಕ್ಕೆ ಬಿತ್ತು ಎಂದು ಪೊಲೀಸರು ಆಗ ಹೇಳಿದರು. ಆ ಬದಿಗೆ ತಡೆಗೋಡೆ ಇರಲಿಲ್ಲ. ಕನಿಷ್ಠ 10 ಮಂದಿ ತೀರಿಕೊಂಡರು. ಸರಕಿನ ಮೇಲೆ ಜನ ಕೂರುವುದು ಎಂದರೆ ಏನು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ದಂಡ, ಲೈಸೆನ್ಸು, ವಿಮೆ

ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಮಿತಿ ಮೀರಿದ ತೂಕಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. 2019ರ ಸೆಪ್ಟೆಂಬರ್ 1ರ ಮೊದಲು ಇದು 2,000 ಮತ್ತು 1,000 ಇತ್ತು. ಬದಿಗೋ ಹಿಂದಕ್ಕೋ ಹೊರಚಾಚಿದ ಸರಕಿಗೆ ಬೇರೆ 20,000. ಸರಳು, ಮರದ ದಿಮ್ಮಿಗಳ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಎಲ್ಲ ಮಾಫಿ ಎಂಬ ನಂಬಿಕೆಗೆ ಈಗ ಬೆಲೆಯಿಲ್ಲ. ತೂಕ ಮಾಡಿಸಲು ಒಪ್ಪದೆ ಗಾಡಿ ಓಡಿಸಿಕೊಂಡು ಹೋದರೆ 40,000. ಇದೆಲ್ಲಕ್ಕಿಂತ ನೋವಾಗುವುದು ಬೇರೊಂದು ಷರತ್ತಿನಿಂದ: ಹೆಚ್ಚುವರಿ ಭಾರ ಇಳಿಸದೆ ಗಾಡಿ ಕದಲುವಂತಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ಇಪ್ಪತ್ತು ಟನ್ನಿನ ಒಂದೇ ಯಂತ್ರದಲ್ಲಿ ಮೂರು ಟನ್ ಇಳಿಸುವುದು ಹೇಗೆ? ಇನ್ನೊಂದು ಗಾಡಿ ಕರೆಸಬೇಕು. ಕಾಯ್ದೆ ‘ಓಡಿಸಿದವರು’ ಎಂದಷ್ಟೇ ಹೇಳುವುದಿಲ್ಲ, ‘ಓಡಿಸುವಂತೆ ಮಾಡಿದವರು, ಬಿಟ್ಟವರು’ ಎಂದೂ ಹೇಳುತ್ತದೆ. ಚಾಲಕ ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು.

ಲೈಸೆನ್ಸಿನ ಗೊಂದಲ 2024ರ ನವೆಂಬರ್ 6ರಂದು ತಿಳಿಯಾಯಿತು. ಒಟ್ಟು ತೂಕ 7,500 ಕಿಲೋ ಒಳಗಿನ ಸಾಗಣೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಪಿಕಪ್, 407 ಓಡಿಸುವವರಿಗೆ ಇದು ನೆಮ್ಮದಿ. ಅದಕ್ಕಿಂತ ಮೇಲಿನ ಲಾರಿಗೆ ಸಾಗಣೆ ವಾಹನದ ಲೈಸೆನ್ಸ್ ಬೇಕೇ ಬೇಕು.

ವಿಮೆಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸರಕು ಗಾಡಿಯಲ್ಲಿ ಪುಕ್ಕಟೆ ಕೂತು ಬಂದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ಕೃಷಿಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಬಾಡಿಗೆಗೆ ಕಲ್ಲು ಹೊಡೆಯುವಾಗ ಏನಾದರೂ ಆದರೆ ಪಾಲಿಸಿಯ ಷರತ್ತು ಮುಂದೆ ಬರುತ್ತದೆ. ನಿಮ್ಮ ಪಾಲಿಸಿಯ ಹಿಂದಿನ ಪುಟ ಓದಿ, ಅರ್ಥವಾಗದಿದ್ದರೆ ಏಜೆಂಟನನ್ನು ಕೂರಿಸಿಕೊಂಡು ಓದಿಸಿ.

ಸಂಕ ಎಷ್ಟು ತಡೆಯುತ್ತದೆ

ಸಂಕಕ್ಕೆ ಬರುವ ಮೊದಲು ರಸ್ತೆಯ ಒಂದು ಲೆಕ್ಕ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ ರಸ್ತೆಗಳ ಮೇಲೆ ಬೇರೆ ಬೇರೆ ತೂಕದ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ಪರೀಕ್ಷೆ ಮಾಡಿದರು. ಸಿಕ್ಕ ಫಲಿತಾಂಶ ಇಂದಿಗೂ ನಮ್ಮ ರಸ್ತೆ ಎಂಜಿನಿಯರುಗಳ ಲೆಕ್ಕದ ಬುಡದಲ್ಲಿದೆ: ಒಂದು ಆಕ್ಸಲ್ ಮೇಲಿನ ತೂಕ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಒಂದು ಓವರ್‌ಲೋಡ್ ಟಿಪ್ಪರ್ ಹೋದರೆ ಏನಾದೀತು ಎನ್ನುವವರಿಗೆ ಈ ಅಂಕಿ ಉತ್ತರ.

ರಸ್ತೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಸಂಕದ ಅಡಿ ಕಾಣುವುದಿಲ್ಲ. ನಮ್ಮ ಕೇರಿಗಳಿಗೆ ಹೋಗುವ ಎಷ್ಟೋ ಸಂಕ, ಮೋರಿಗಳು ಎತ್ತಿನ ಗಾಡಿ, ಜೀಪು ಓಡಾಡುತ್ತಿದ್ದ ಕಾಲದವು. ಕಲ್ಲಿನ ಗೋಡೆಯ ಮೇಲೆ ಸ್ಲ್ಯಾಬ್ ಇಟ್ಟಿರುತ್ತದೆ, ಮೇಲೆ ಹೊಸ ಡಾಂಬರು ಬಿದ್ದಿರುವುದರಿಂದ ಎಲ್ಲ ಹೊಸದೆಂದೇ ತೋರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಅದರ ಮೇಲಿದ್ದ ಲಾರಿ ನೀರಿಗೆ ಬಿತ್ತು, ಚಾಲಕನನ್ನು ಹೇಗೋ ಎತ್ತಿದರು. ಅದು ರಾಷ್ಟ್ರೀಯ ಹೆದ್ದಾರಿಯ ಸೇತುವೆ. ಊರಿನ ಸಂಕದ ಪಾಡು ಕೇಳುವವರಾರು?

ಯಂತ್ರ ಬರುವ ಮುಂಚಿನ ದಿನ ಒಂದು ಕತ್ತಿ ಹಿಡಿದು ಹಳ್ಳಕ್ಕಿಳಿದು ಸಂಕದ ಅಡಿ ನೋಡಿ ಬನ್ನಿ. ಸ್ಲ್ಯಾಬಿನ ಕೆಳಗೆ ಕಬ್ಬಿಣದ ಸರಳು ಹೊರಗೆ ಬಂದು ತುಕ್ಕು ಹಿಡಿದಿದೆಯೇ, ಪಕ್ಕದ ಗೋಡೆಯ ಬುಡದ ಕಲ್ಲು ನೀರಿಗೆ ಕೊಚ್ಚಿಹೋಗಿದೆಯೇ, ರಸ್ತೆ ಸೇರುವಲ್ಲಿ ಮಣ್ಣು ಕುಸಿದು ಪೊಳ್ಳಾಗಿದೆಯೇ, ಈ ಮೂರರಲ್ಲಿ ಒಂದು ಕಂಡರೂ ದೊಡ್ಡ ಗಾಡಿ ಬೇಡ. ಗಟ್ಟಿ ಇದೆ ಎನಿಸಿದರೂ ಒಂದು ಹೊತ್ತಿಗೆ ಒಂದೇ ಗಾಡಿ, ಮಧ್ಯದಲ್ಲಿ, ಬ್ರೇಕ್ ಹಾಕದೆ, ನಿಧಾನಕ್ಕೆ ದಾಟಲಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಘಟ್ಟದ ಕೆಲವು ರಸ್ತೆಗಳಲ್ಲಿ ಭಾರಿ ವಾಹನ ನಿಷೇಧಿಸುವುದುಂಟು. ಜೂನ್ ಬಂದ ಮೇಲೆ ಯಂತ್ರ ಒಯ್ಯಲಾಗದೆ ನಿಮ್ಮ ತೋಟದಲ್ಲೇ ಮೂರು ತಿಂಗಳು ನಿಂತರೆ ಅದೂ ಒಂದು ತಂಟೆ. ಮೇ ಮೊದಲ ವಾರದೊಳಗೆ ವಾಪಸು ಕಳುಹಿಸುವಂತೆ ಕೆಲಸ ಹೊಂದಿಸಿಕೊಳ್ಳಿ.

ಹೆದ್ದಾರಿಯ ಕೆಲವು ಸೇತುವೆಗಳ ಬಳಿ ತೂಕದ ಮಿತಿ ಬರೆದ ಫಲಕ ಕಾಣಬಹುದು. ಊರಿನ ಸಂಕಗಳ ಬಳಿ ಹಾಗೊಂದು ಫಲಕ ಹುಡುಕಿದರೆ ಸಿಗುವುದು ಕಷ್ಟ. ಮುಂದಿನ ಗ್ರಾಮಸಭೆಯಲ್ಲಿ, ಹುಲೇಕಲ್ ಇರಲಿ ಬೇರೆ ಪಂಚಾಯ್ತಿ ಇರಲಿ, ಇದನ್ನು ಲಿಖಿತವಾಗಿ ಕೇಳಿ: ನಮ್ಮ ಕೇರಿಯ ಸಂಕವನ್ನು ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಎಷ್ಟು ಟನ್ ತಡೆಯುತ್ತದೆ ಎಂದು ಬೋರ್ಡು ಹಾಕಿ. ಅರ್ಜಿಯ ನಕಲಿಗೆ ಸಹಿ, ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.